ಹಾಲ್ವರನ ಸೊಂಟನೋವು

ಎಲ್ಲ ಅವಾಂತರಕ್ಕೂ ಮೂಲ ಒಂದು ಹಳದಿ ಚೀಟಿ. ಲುಂಡೆವಿಕದ ಸಭಾಭವನಕ್ಕೆ ಹೊಸ ಒಲೆ ತರಬೇಕೆಂದು ಊರಿನವರು ಲಾಟರಿ ಇಟ್ಟಿದ್ದರು. ಮೊದಲ ಬಹುಮಾನ ಕೈಹೆಣಿಗೆಯ ಸ್ವೆಟರ್, ಎರಡನೆಯದು ಅರ್ಧ ಕುರಿ. ಮೂರನೆಯದು ಯಾರೋ ಪುಣ್ಯಾತ್ಮ ದಾನ ಕೊಟ್ಟದ್ದು: ಚಳಿಗಾಲದ ಆಕಾಶದಲ್ಲಿ ಕುಣಿಯುವ ಉತ್ತರದ ಬೆಳಕು ನೋಡಲು ಹಡಗುಯಾತ್ರೆ, ಒಬ್ಬರಿಗೆ, ಊಟ ತಿಂಡಿ ಸಮೇತ. ಅದು ಹಾಲ್ವರನಿಗೆ ಬಂತು. ಇಡೀ ಸಭಾಭವನ ಬಿದ್ದು ಬಿದ್ದು ನಕ್ಕಿತು.

"ನಿನ್ನ ಮನೆ ಹೊಗೆಗೂಡಿನ ಮೇಲೇ ಕುಣಿಯತ್ತಲ್ಲೋ ಅದು! ನೋಡೋಕೆ ಹಡಗು ಬೇರೆ ಹತ್ಬೇಕಾ?" ಎಂದ ಪಕ್ಕದ ಮನೆಯ ಐನಾರ್. ಅವನು ನಿವೃತ್ತ ಅಂಚೆಯವ. ಎಂಥ ಕೋಳಿಕಾಲಿನ ಅಕ್ಷರವನ್ನಾದರೂ ಕತ್ತಲಲ್ಲೇ ಓದಬಲ್ಲೆ ಎಂಬುದು ಅವನ ಹೆಮ್ಮೆ.

"ನಾನ್ಯಾಕೆ ಹೋಗ್ಲಿ? ಅದೆಲ್ಲ ದೂರದಿಂದ ಬರೋ ಮಂದಿಗೆ" ಎಂದು ಹಾಲ್ವರ್ ಚೀಟಿಯನ್ನು ಜೇಬಿಗೆ ತುರುಕಿದ.

ಬಾಯಲ್ಲಿ ಹಾಗೆಂದನಷ್ಟೆ. ಲುಂಡೆವಿಕದ ಧಕ್ಕೆಯಲ್ಲಿ, ಅಂದರೆ ಹಡಗು ಬಂದು ನಿಲ್ಲುವ ಕಟ್ಟೆಯಲ್ಲಿ, ಹಡಗಿನ ಹಗ್ಗ ಹಿಡಿದು ಗೂಟಕ್ಕೆ ಹಾಕುವುದು, ಹೊರಡುವಾಗ ಬಿಚ್ಚುವುದು ಅವನ ಕೆಲಸ. ಮೂವತ್ತೊಂದು ವರ್ಷ ಹಿಮದ ನೀರು ತೋಳಿನೊಳಗೆ ಇಳಿಯುತ್ತಿರುವಾಗ, ಗಾಜಿನಾಚೆ ಕಿಟಕಿ ಬದಿಯ ಮೇಜುಗಳಲ್ಲಿ ಕುಳಿತು ಉಣ್ಣುವವರನ್ನು ನೋಡಿದ್ದ. ಅವರಲ್ಲೊಬ್ಬ ಇವನತ್ತ ಫೋರ್ಕ್ ಎತ್ತಿ ನಕ್ಕಿದ್ದೂ ಉಂಟು. ಸಾಯುವುದರೊಳಗೆ ಒಂದು ಸಲ ಆ ಗಾಜಿನ ಒಳಬದಿಯಲ್ಲಿ ಕುಳಿತು ಊಟ ಮಾಡಬೇಕು ಎಂಬ ಆಸೆ ಅವನಿಗೆ ಚಿಕ್ಕ ಮಕ್ಕಳಿಗಿರುವಷ್ಟೇ ಇತ್ತು. ಯಾರಿಗೂ ಹೇಳಿರಲಿಲ್ಲ.

ತೊಂದರೆ ಏನೆಂದರೆ, ಯಾತ್ರೆ ಶನಿವಾರ. ಅದೇ ಶನಿವಾರ ಊರಿನ ದುಗ್ನಾದ್. ಅಂದರೆ ಊರವರೆಲ್ಲ ಕೂಡಿ ಬಿಟ್ಟಿಯಾಗಿ ಮಾಡುವ ಕೆಲಸ. ಈ ಸಲ ಸಭಾಭವನದ ಮಾಡಿನ ಹಿಮ ತೆಗೆಯುವುದು. ದುಗ್ನಾದ್ ತಪ್ಪಿಸಿದವನ ಹೆಸರು ಲುಂಡೆವಿಕದಲ್ಲಿ ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತದೆ. ಅದೂ ಹಡಗಿನಲ್ಲಿ ಮೋಜು ಮಾಡಲು ತಪ್ಪಿಸಿದ ಎಂದರೆ ಮುಗಿದೇ ಹೋಯಿತು.

ಗುರುವಾರವೇ ಹಾಲ್ವರ್ ಸೊಂಟ ಹಿಡಿದುಕೊಂಡು ನಡೆಯತೊಡಗಿದ. ದುಗ್ನಾದಿನ ಯಜಮಾನಿಕೆ ತೋರ್ಡಿಸಕ್ಕನದು. ಎಪ್ಪತ್ತೆರಡಾದರೂ ಮಾಡಿನ ಮೇಲೆ ಮೊದಲು ಹತ್ತುವವಳು. ಆಕೆ ಉಣ್ಣೆಯ ಪಟ್ಟಿ ತಂದು ಅವನ ಸೊಂಟಕ್ಕೆ ಬಿಗಿದಳು. ಐನಾರ್ ಮೀನೆಣ್ಣೆ ತಂದು ಎದುರಿಗೇ ನಿಂತು ಎರಡು ಚಮಚ ಕುಡಿಸಿದ.

"ಶನಿವಾರ ಪೇಟೆಗೆ ಹೋಗಿ ಸೊಂಟ ತೋರಿಸ್ಕೊಂಡು ಬರ್ತೀನಿ ಅಕ್ಕ. ಬೆಳಗಿನ ಬಸ್ಸಿಗೇ ಹೋಗ್ಬೇಕು" ಎಂದ ಹಾಲ್ವರ್, ಮುಖ ಕಿವಿಚಿಕೊಂಡು. ಮೀನೆಣ್ಣೆಯ ದೆಸೆಯಿಂದ ಮುಖ ತಾನಾಗಿಯೇ ಕಿವಿಚಿತ್ತು.

"ಹೋಗಿ ಬಾ ಮಾರಾಯ. ನಿನ್ನ ಪಾಲಿನ ಹಿಮ ನಾವೇ ತೆಗಿತೀವಿ" ಎಂದಳು ತೋರ್ಡಿಸಕ್ಕ. ಅವಳ ಒಳ್ಳೆಯತನ ಕಂಡು ಹಾಲ್ವರನಿಗೆ ನಾಚಿಕೆಯಾಯಿತು. ಆದರೂ ಬೆಳಗಿನ ಬಸ್ಸಿಗೆ ಹೋಗಿ ಪೇಟೆಯ ಬಂದರಿನಲ್ಲಿ ಹಡಗು ಹತ್ತಿದ; ಆ ದಿನ ಅದು ಲುಂಡೆವಿಕದಲ್ಲಿ ನಿಲ್ಲುವುದಿರಲಿಲ್ಲ.

ಹಡಗಿನ ಸುಖವನ್ನು ಏನೆಂದು ಹೇಳುವುದು! ಹತ್ತಿದ ಕೂಡಲೇ ಬಿಸಿ ಕಾಫಿ. ಬೆಣ್ಣೆಯಂತೆ ಮೆತ್ತಗಿನ ಹಾಸಿಗೆ. ಸಂಜೆ ಆರಕ್ಕೆ ಊಟ. ಹದಿನೇಳನೆಯ ಮೇಜು, ಕಿಟಕಿಯ ಪಕ್ಕದ್ದೇ. ಅವನು ಹೋಗಿ ಆ ಕುರ್ಚಿಯನ್ನೊಮ್ಮೆ ಮುಟ್ಟಿ ಬಂದ. ಮಧ್ಯಾಹ್ನ, ಹೊರಗೆ ಆಗಲೇ ಕತ್ತಲಿಳಿಯುತ್ತಿರುವಾಗ, ಮೇಲಿನ ಡೆಕ್ಕಿನ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆವರೆಗೆ ಇಳಿದು ಕುಳಿತ. ಪಕ್ಕದಲ್ಲಿ ಹಡಗಿನವರೇ ಕೊಟ್ಟ ಬಿಳಿ ನಿಲುವಂಗಿ, ಅದರ ಜೇಬಿನಲ್ಲಿ ಫೋನು. ಎದುರಿಗೆ ಗುಂಡಗಿನ ಜರ್ಮನ್ ಅಜ್ಜಿಯೊಬ್ಬಳು ಅವನನ್ನು ನೋಡಿ ಸುಮ್ಮಸುಮ್ಮನೆ ನಗುತ್ತಿದ್ದಳು. ಸ್ವರ್ಗಕ್ಕೆ ಮೂರೇ ಗೇಣು.

ಫೋನು ಬಡಿದುಕೊಂಡಿತು.

"ಲುಂಡೆವಿಕದ ಹಗ್ಗದ ಹಾಲ್ವರ್ ಅವರಾ? ಹಡಗಿಂದ ಮಾತಾಡ್ತಿರೋದು. ಮುಂದಿನ ಬಂದರಲ್ಲಿ ವಿಪರೀತ ಗಾಳಿ. ನಿಮ್ಮೂರಲ್ಲೇ ಎರಡು ಗಂಟೆ ನಿಲ್ಲಿಸ್ತೀವಿ. ಅರ್ಧ ಗಂಟೇಲಿ ಧಕ್ಕೆಗೆ ಬನ್ನಿ."

ಆ ದನಿ ಫೋನಿನಿಂದಲೂ ಬಂತು, ತಲೆಯ ಮೇಲಿನ ಕಿಟಕಿಯಿಂದಲೂ ಬಂತು. ಹಾಲ್ವರ್ ಗಲ್ಲದವರೆಗೆ ನೀರಿಗಿಳಿದ. "ಆಗಲ್ಲ ಸ್ವಾಮಿ" ಎಂದು ಪಿಸುಗುಟ್ಟಿದ. "ಸೊಂಟ ಹಿಡ್ಕೊಂಡಿದೆ. ಬಿಸಿನೀರಲ್ಲಿ ಕೂತಿದೀನಿ."

"ಅಯ್ಯೋ ಪಾಪ. ಬೇರೆ ಯಾರಾದ್ರೂ ಇದಾರಾ?"

"ಐನಾರ್ ಅಂತ ಒಬ್ಬ ಇದಾನೆ" ಎಂದು ಬಾಯಿ ತಪ್ಪಿ ಹೇಳಿಬಿಟ್ಟ. ಐನಾರ್ ಒಂದು ದಿನವೂ ಹಡಗಿನ ಹಗ್ಗ ಹಿಡಿದವನಲ್ಲ ಎಂಬುದು ಹೇಳಿದ ಮೇಲೆ ನೆನಪಾಯಿತು.

ಅರ್ಧ ಗಂಟೆಗೆ ಸರಿಯಾಗಿ ಹಿಮಗಾಳಿಯ ನಡುವೆ ಲುಂಡೆವಿಕ ಕಂಡಿತು. ಧಕ್ಕೆಯಲ್ಲಿ ಊರಿಗೆ ಊರೇ ಸಲಿಕೆ ಹಿಡಿದು ನಿಂತಿತ್ತು. ಹಾಲ್ವರ್ ತಲೆಗೆ ಟವೆಲ್ ಸುತ್ತಿಕೊಂಡು ಮೂಗು ಮಾತ್ರ ಹೊರಗಿಟ್ಟು ನೋಡಿದ. ಹಡಗಿನಿಂದ ತೂಕ ಕಟ್ಟಿದ ತೆಳು ಹಗ್ಗ ಎಸೆದರು. ಅದನ್ನು ಹಿಡಿದೆಳೆದರೆ ಹಿಂದೆಯೇ ದಪ್ಪ ಹಗ್ಗ ಬರುತ್ತದೆ. ಐನಾರ್ ಅದನ್ನು ತನ್ನ ಕಾಲಿಗೇ ಸುತ್ತಿಕೊಂಡು ಬಿದ್ದ. ಎರಡನೆಯ ಸಲ ಎಸೆದದ್ದು ಅವನ ಕೈಯಿಂದ ಜಾರಿ ಸಮುದ್ರಕ್ಕೆ ಹೋಯಿತು.

"ಎಡಕ್ಕೆ ನಿಲ್ಲೋ!" "ಬಲಕ್ಕೋ!" "ಕಾಗದ ಹಂಚಿದಂಗಲ್ಲಪ್ಪ!" ಎಂದು ಊರು ಬುದ್ಧಿ ಹೇಳುತ್ತಿತ್ತು. ಇತ್ತ ಗಾಳಿ ಹಡಗನ್ನು ಮೀನಿನ ಕೊಟ್ಟಿಗೆಯತ್ತ ನೂಕುತ್ತಿತ್ತು.

ಮೂವತ್ತೊಂದು ವರ್ಷದಲ್ಲಿ ಹಾಲ್ವರನ ಧಕ್ಕೆಯಲ್ಲಿ ಒಂದೇ ಒಂದು ಹಡಗಿಗೂ ಗೀರು ಬಿದ್ದಿರಲಿಲ್ಲ. ಅವನಿಂದ ನೋಡಲಾಗಲಿಲ್ಲ. ತೊಟ್ಟಿಯಿಂದೆದ್ದು ನಿಲುವಂಗಿ ಸುತ್ತಿಕೊಂಡು, ಬಟ್ಟೆಯ ಚಪ್ಪಲಿಯಲ್ಲೇ ಮೆಟ್ಟಿಲಿಳಿದು ಓಡಿದ. ಕೆಳಗೆ ಸರಕಿನ ಬಾಗಿಲು ತೆರೆದಿತ್ತು, ಧಕ್ಕೆ ಒಂದು ಹೆಜ್ಜೆ ದೂರದಲ್ಲಿತ್ತು. ಹಡಗಿನವನೊಬ್ಬ "ಏಯ್!" ಎನ್ನುವಷ್ಟರಲ್ಲಿ ಹಾರಿಬಿಟ್ಟ. ಊರಿನ ಕಣ್ಣೆಲ್ಲ ಐನಾರನ ಮೇಲಿದ್ದುದರಿಂದ ಅವನು ಹಾರಿದ್ದು ಯಾರಿಗೂ ಕಾಣಲಿಲ್ಲ. ಮೀನಿನ ಪೆಟ್ಟಿಗೆಗಳ ಹಿಂದಿನಿಂದ ಎದ್ದು ಬಂದು, ಮೂರನೆಯ ಸಲ ಬಂದ ಹಗ್ಗವನ್ನು ಗಾಳಿಯಲ್ಲೇ ಹಿಡಿದು, ಎಳೆದು, ಗೂಟಕ್ಕೆ ಹಾಕಿದ. ಹಡಗು ಸಾಧು ಹಸುವಿನ ಹಾಗೆ ಬಂದು ನಿಂತಿತು.

ಊರು ಅವನನ್ನೇ ನೋಡಿತು. ಒದ್ದೆ ಕೂದಲು ಆಗಲೇ ಹೆಪ್ಪುಗಟ್ಟಿ ಸೆಟೆದಿತ್ತು. ಮೈಮೇಲೆ ನಿಲುವಂಗಿ, ಕಾಲಲ್ಲಿ ಚಪ್ಪಲಿ.

"ನೋಡ್ರೋ!" ಎಂದಳು ತೋರ್ಡಿಸಕ್ಕ. "ಬಿಸಿನೀರಲ್ಲಿ ಕೂತಿದಾನೆ, ಏಳೋಕಾಗಲ್ಲ ಅಂತ ಹಡಗಿನವರು ಈಗಷ್ಟೇ ಹೇಳಿದ್ರು. ಹಡಗು ಬರ್ತಿದೆ ಅಂತ ಆ ಸೊಂಟದಲ್ಲೇ ಮನೆಯಿಂದ ಓಡಿ ಬಂದಿದಾನೆ ಕಣ್ರೋ! ಪೇಟೆಗೂ ಹೋಗೋಕಾಗಿಲ್ಲ ಪಾಪ!"

ಸಿಕ್ಕಿಬೀಳಬೇಕಾದವನು ಹೀಗೆ ಊರಿಗೇ ವೀರನಾಗಿಬಿಟ್ಟ. ಒಂದೇ ಒಂದು ತೊಡಕಿತ್ತು. ನಿಲುವಂಗಿಯ ಬೆನ್ನಿನ ಮೇಲೆ ಹಡಗಿನವರು ನೀಲಿ ದಾರದಲ್ಲಿ ಅಂಗೈಯಗಲದ ಅಕ್ಷರಗಳಲ್ಲಿ ಏನೋ ಕಸೂತಿ ಹಾಕಿದ್ದರು. ಹಾಲ್ವರ್ ಬೆನ್ನನ್ನು ಗೋಡೆಗೆ ಆನಿಸಿಕೊಂಡು ಏಡಿಯಂತೆ ಅಡ್ಡಡ್ಡ ನಡೆದು ಸಭಾಭವನ ಸೇರಿದ.

"ಯಾಕೋ ಹಂಗೆ ನಡೀತೀಯ?" ಎಂದ ಐನಾರ್.

"ಸೊಂಟ ಕಣೋ."

ತೋರ್ಡಿಸಕ್ಕ ಅವನ ಹೆಗಲಿಗೆ ಕಂಬಳಿ ಹೊದಿಸಿದಳು, ಐನಾರ್ ತನ್ನ ಇನ್ನೊಂದು ಜೊತೆ ಬೂಟು ಕೊಟ್ಟ. ಬೆನ್ನು ಮುಚ್ಚಿದ್ದೇ ತಡ, ಹಾಲ್ವರನಿಗೆ ಹೋದ ಜೀವ ಬಂದಂತಾಯಿತು. ಊರವರು ದುಗ್ನಾದ್ ಅರ್ಧಕ್ಕೇ ಬಿಟ್ಟು ಪ್ರವಾಸಿಗರಿಗೆ ವಾಫಲ್ ಎಂಬ ಸಿಹಿ ದೋಸೆ ಸುಡುತ್ತಿದ್ದರು. ಬಿಸಿ ವಾಫಲಿನ ಮೇಲೆ ಕಂದು ಚೀಸ್ ಕರಗುತ್ತಿತ್ತು. ಎಲ್ಲರಿಗಿಂತ ಮೊದಲು ಅವನಿಗೇ ಕೊಟ್ಟರು. ಅಷ್ಟರಲ್ಲಿ ಆ ಜರ್ಮನ್ ಅಜ್ಜಿ ಬಂದು, ಅವನನ್ನು ತೋರಿಸಿ, ಕೈಯಲ್ಲಿ ಈಜಿದಂತೆ ಅಭಿನಯಿಸಿ, ತನ್ನ ಭಾಷೆಯಲ್ಲಿ ಏನೇನೋ ಹೇಳಿ ನಕ್ಕಳು.

"ಏನಂತೆ?" ಎಂದಳು ತೋರ್ಡಿಸಕ್ಕ.

"ಇಲ್ಲಿ ಮೀನು ಜಾಸ್ತಿ ಸಿಗತ್ತಾ ಅಂತ ಕೇಳ್ತಿದಾಳೆ" ಎಂದು ಹಾಲ್ವರ್ ವಾಫಲನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡ.

ಹೊಟ್ಟೆ ಬೆಚ್ಚಗಾಗಿ ತಲೆ ಚುರುಕಾಯಿತು. ಪ್ರವಾಸಿಗರ ಹಿಂದೆಯೇ ನುಸುಳಿ ಹಡಗು ಹತ್ತಿದರಾಯಿತು. ಮನೆಗೆ ಹೋಗಿ ಮಲಗಿದ್ದಾನೆ ಎಂದುಕೊಳ್ಳುತ್ತದೆ ಊರು. ಆರಕ್ಕೆ ಹದಿನೇಳನೆಯ ಮೇಜು. ಇವನು ಇಳಿದದ್ದೇ ಲೆಕ್ಕದಲ್ಲಿ ಇರಲಿಲ್ಲವಾದ್ದರಿಂದ ಹಡಗಿನವರು ಹುಡುಕುವ ಭಯವೂ ಇರಲಿಲ್ಲ.

ಐದು ಗಂಟೆಯ ಹೊತ್ತಿಗೆ ಮೋಡ ಚೆದುರಿತು. ಪ್ರವಾಸಿಗರಿಗೆ ಆಕಾಶ ಚೆನ್ನಾಗಿ ಕಾಣಲೆಂದು ತೋರ್ಡಿಸಕ್ಕ ಧಕ್ಕೆಯ ದೀಪಗಳನ್ನು ಆರಿಸಿದಳು. ಹಾಲ್ವರನಿಗೆ ಬೇಕಾಗಿದ್ದದ್ದೂ ಅದೇ. ಕಂಬಳಿಯೊಳಗೆ ಮುದುಡಿ, ಹಡಗಿನ ಏಣಿಯ ಪಕ್ಕದ ಗೂಟದ ಬಳಿ ನಿಂತ. ಒಬ್ಬೊಬ್ಬರೇ ಹತ್ತುತ್ತಿದ್ದರು. ಜರ್ಮನ್ ಅಜ್ಜಿಯ ಹಿಂದೆ ನಾನು, ಎಂದುಕೊಂಡ.

ಆಗ ಬಂತು. ಮೊದಲು ಗುಡ್ಡದ ಮೇಲೆ ಹಸಿರು ಗೆರೆಯೊಂದು. ನೋಡುತ್ತಿದ್ದಂತೆ ಅದು ಅಗಲವಾಗಿ, ಮಡಿಕೆ ಬಿಚ್ಚಿದ ಸೀರೆಯ ಹಾಗೆ ಊರಿನ ನೆತ್ತಿಯಲ್ಲಿ ಹರಡಿ, ಅಂಚಿನಲ್ಲಿ ಕೆಂಪಾಗಿ ನಡುಗಿತು. ಎಲ್ಲರೂ "ಹಾ!" ಎಂದರು. ಹುಟ್ಟಿದಂದಿನಿಂದ ನೋಡಿದವನಾದರೂ ಹಾಲ್ವರ್ ಮೈಮರೆತ. ಇಷ್ಟು ವರ್ಷ ಅವನು ಕತ್ತೆತ್ತಿ ನೋಡಿದ್ದೇ ಕಡಿಮೆ; ಕಣ್ಣು ಯಾವಾಗಲೂ ಹಗ್ಗದ ಮೇಲೆ. ಎಷ್ಟು ಚೆನ್ನಾಗಿದೆಯಲ್ಲ ಎಂದು ಬಾಯಿ ತೆರೆದು ನಿಂತ. ಅಜ್ಜಿ ಹತ್ತಿದ್ದಾಗಲಿ, ಏಣಿ ಎಳೆದುಕೊಂಡದ್ದಾಗಲಿ ಅವನಿಗೆ ತಿಳಿಯಲಿಲ್ಲ.

ಹಡಗು ಉದ್ದನೆಯ ಒಂದು ಕೂಗು ಹಾಕಿತು. ಮೇಲಿನಿಂದ ದನಿ ಬಂತು: "ಹಗ್ಗ ಬಿಡಿ!"

ಮೂವತ್ತೊಂದು ವರ್ಷದ ಕೈಗಳು ತಲೆಯನ್ನು ಕೇಳಲಿಲ್ಲ. ಹಾಲ್ವರ್ ಬಗ್ಗಿದ, ಗೂಟದಿಂದ ಹಗ್ಗ ಎತ್ತಿದ, ನೀರಿಗೆ ಬಿಟ್ಟ. ಓಡಿ ಹೋಗಿ ಎರಡನೆಯದನ್ನೂ ಬಿಟ್ಟ. ನೆಟ್ಟಗೆ ನಿಂತು, ಎಂದಿನಂತೆ ಹಡಗಿಗೆ ಕೈ ಬೀಸಿದ.

ಹಡಗು ನಿಧಾನವಾಗಿ ಸರಿಯಿತು. ಬೆಳಗಿದ ಕಿಟಕಿಗಳು ಒಂದೊಂದಾಗಿ ಅವನೆದುರು ಹಾದುಹೋದವು. ಒಂದರಲ್ಲಿ ಬಿಳಿ ಬಟ್ಟೆ ಹಾಸಿದ ಮೇಜು, ಮೇಲೆ ಹದಿನೇಳು ಎಂಬ ಪುಟ್ಟ ಫಲಕ, ಖಾಲಿ ಕುರ್ಚಿ. ಪಕ್ಕದ ಮೇಜಿನ ಜರ್ಮನ್ ಅಜ್ಜಿ ಗಾಜಿಗೆ ಮೂಗೊತ್ತಿ ಇವನನ್ನು ನೋಡಿ ಬೆರಗಾಗಿದ್ದಳು.

ಬೀಸುತ್ತಿದ್ದ ಕೈ ಗಾಳಿಯಲ್ಲೇ ನಿಂತಿತು. ಅವನ ಬಟ್ಟೆ, ಬೂಟು, ಮನೆಯ ಬೀಗದಕೈ, ಕಿಟಕಿ ಬದಿಯ ಊಟ, ಎಲ್ಲವನ್ನೂ ತನ್ನ ಕೈಯಾರೆ ಬಿಚ್ಚಿ ಕಳಿಸಿಬಿಟ್ಟಿದ್ದ.

ಹಿಂದೆ ಊರೆಲ್ಲ ಅವನ ಬೆನ್ನನ್ನೇ ನೋಡುತ್ತಿತ್ತು. ಹಾಲ್ವರ್ ಮೆಲ್ಲಗೆ ಹೆಗಲು ಮುಟ್ಟಿ ನೋಡಿಕೊಂಡ. ಕಂಬಳಿ ಮೊದಲ ಗೂಟದ ಬುಡದಲ್ಲಿ ಬಿದ್ದಿತ್ತು. ನೆತ್ತಿಯ ಮೇಲೆ ಉತ್ತರದ ಬೆಳಕು ಹಿಂದೆಂದೂ ಇಲ್ಲದಷ್ಟು ಉರಿಯುತ್ತಿತ್ತು. ಕೆಳಗೆ ಹಿಮವೆಲ್ಲ ಹಸಿರಾಗಿ ಹೊಳೆಯುತ್ತಿತ್ತು. ನಲವತ್ತು ವರ್ಷ ಅಂಚೆ ಹಂಚಿದ ಕಣ್ಣುಗಳಿಗೆ ಅಷ್ಟು ಬೆಳಕು ಧಾರಾಳವಾಗಿ ಸಾಕು.

"ಉತ್ತರದ ಬೆಳಕಿನ ಯಾತ್ರೆ" ಎಂದು ಐನಾರ್ ಅವನ ಬೆನ್ನನ್ನು ಗಟ್ಟಿಯಾಗಿ, ಬಿಡಿಬಿಡಿಯಾಗಿ ಓದಿದ. "ನಮ್ಮ ಪ್ರಿಯ ಅತಿಥಿಗೆ."

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತೋರ್ಡಿಸಕ್ಕ ಹತ್ತಿರ ಬಂದು ಕಂಬಳಿ ಎತ್ತಿ, ಹಿಮ ಕೊಡವಿ, ಮಡಿಸಿ, ತನ್ನ ಕಂಕುಳಲ್ಲಿಟ್ಟುಕೊಂಡಳು. ಆಮೇಲೆ ಅವನ ಕೈಗೆ ಸಲಿಕೆ ಕೊಟ್ಟಳು.

"ಸೊಂಟ ಹೇಗಿದೆ ಈಗ?"

"ವಾಸಿ ಅಕ್ಕ" ಎಂದ ಹಾಲ್ವರ್.

"ಸರಿ ಹಂಗಾದ್ರೆ. ಮಾಡಿನ ಮೇಲೆ ಇನ್ನೂ ಅರ್ಧ ಇದೆ, ಹತ್ತು. ಬೆಳಕು ಅಲ್ಲಿಂದ ಇನ್ನೂ ಚೆನ್ನಾಗಿ ಕಾಣತ್ತೆ."