ತಂತಿಯಿಲ್ಲದ ಫೋನಿನ ಮೊದಲ ಕರೆ

ರೇಡಿಯೊ ರಿಪೇರಿಯವನು ಎರಡು ವರ್ಷ ನಿದ್ದೆಗೆಟ್ಟು ಮಾಡಿದ ತಂತಿಯಿಲ್ಲದ ಫೋನು, ಬೇಕಾದ ಹೊತ್ತಿಗೆ ಅಂಗಡಿಯೊಳಗೆ ಮೂಕವಾಗಿಬಿಟ್ಟಿತು. ದುಡ್ಡು ಹಾಕುವ ಮನಸ್ಸಿನಿಂದ ಬಂದಿದ್ದ ಬಸ್ ಕಂಪನಿಯ ಒಡತಿ ಎದುರಿಗೇ ಕೂತಿದ್ದರು. ಅವರು ಒಪ್ಪಿದರೆ ಕಾರ್ಖಾನೆ. ಇಲ್ಲವಾದರೆ ಮತ್ತೆ ಅವರಿವರ ಗೊರಗೊರ ರೇಡಿಯೊ.

“ಹೊರಗೆ ಸಿಗ್ನಲ್ ಚೆನ್ನಾಗಿ ಸಿಗುತ್ತೆ ಮೇಡಂ,” ಎಂದು ಬೆವರೊರೆಸಿಕೊಂಡ.

ಬೀದಿಗೆ ಬಂದದ್ದೇ ತಡ, ಪಕ್ಕದಂಗಡಿಯ ಟೈಲರು ಕೊರಳಲ್ಲಿ ಟೇಪು ನೇತುಹಾಕಿಕೊಂಡೇ ಓಡಿಬಂದ. “ಮೇಲಕ್ಕೆ ಹಿಡಿ!” ಎದುರಿನ ಕ್ಷೌರಿಕ, ಗಿರಾಕಿಯ ಗಡ್ಡ ಅರ್ಧಕ್ಕೇ ಬಿಟ್ಟು ಬಂದು, “ಅಯ್ಯೋ, ಓರೆಯಾಗಿ ಹಿಡಿ!” ಎಂದ. ಇಟ್ಟಿಗೆಯಷ್ಟು ಭಾರದ ಫೋನನ್ನು ಹಟಮಾರಿ ಕೂಸಿನಂತೆ ಎತ್ತಿಕೊಂಡು ರಿಪೇರಿಯವನು ಅತ್ತಿತ್ತ ಸುತ್ತಿದ. ಕೊನೆಗೆ ನಡುರಸ್ತೆಯಲ್ಲಿ ಅದು ‘ಕುಂಯ್’ ಎಂದಿತು.

“ಅಲ್ಲೇ ನಿಲ್ಲು! ಅಲ್ಲಾಡಬೇಡ!” ಟೈಲರು ರಸ್ತೆಗೆ ಅಡ್ಡಲಾಗಿ ಟೇಪು ಹಿಡಿದ. ಲಾರಿಗಳು ಸಾಲುಗಟ್ಟಿ ಅರಚತೊಡಗಿದವು. ಅರ್ಧ ಗಡ್ಡದ ಗಿರಾಕಿ ನೊರೆಮುಖದಲ್ಲೇ ಡ್ರೈವರುಗಳನ್ನು ಸಮಾಧಾನ ಮಾಡಲು ಹೊರಟ.

ಒಡತಿ ಫೋನು ಕೈಗೆ ತೆಗೆದುಕೊಂಡು, ಖುಷಿಯಿಂದ ತಮ್ಮ ಅಕ್ಕನ ಮನೆಗೆ ಫೋನು ಹಚ್ಚಿದರು. “ಅಕ್ಕಾ, ನಾನು ಕಣೇ! ಕೇಳಿಸ್ತಿದೆಯಾ?”

ಅಕ್ಕನ ದನಿ ಬೀದಿಗೆಲ್ಲ ಕೇಳಿಸಿತು. “ಚೆನ್ನಾಗಿ ಕೇಳಿಸ್ತಿದೆ. ಲಾರಿ ಹಾರನ್ನೂ ಕೇಳಿಸ್ತಿದೆ. ಜ್ವರ, ಹಾಸಿಗೆ ಬಿಟ್ಟು ಏಳೋಕಾಗಲ್ಲ, ನಿಮ್ಮನೆ ಊಟಕ್ಕೆ ಬರಲ್ಲ ಅಂದೆಯಲ್ಲೇ ಬೆಳಿಗ್ಗೆ? ನಿನ್ನ ಹಾಸಿಗೆ ಮೇಲೆ ಲಾರಿ ಓಡಾಡ್ತಿದೆಯಾ?”

ಒಡತಿ ಫೋನನ್ನು ಕಾದ ಪಾತ್ರೆಯಂತೆ ರಿಪೇರಿಯವನ ಕೈಗೆ ದಾಟಿಸಿದರು. “ಚೆನ್ನಾಗಿದೆ ಕಣಪ್ಪಾ. ವಿಪರೀತ ಚೆನ್ನಾಗಿದೆ. ಇದು ಎಲ್ಲರ ಕೈಗೂ ಬಂದ್ರೆ ಮನುಷ್ಯರು ತಪ್ಪಿಸಿಕೊಳ್ಳೋದು ಎಲ್ಲಿಗೆ? ನಂಗೆ ಬೇಡ.”

ಅಷ್ಟರಲ್ಲಿ ಅವನ ಕೈಯೊಳಗಿಂದ ಅಕ್ಕನ ದನಿ: “ಅವಳನ್ನ ಬಿಡು. ಇದನ್ನ ಮಾಡಿದ್ದು ಯಾರಪ್ಪಾ?”

“ನಾ... ನಾನೇ ಅಮ್ಮಾ.”

“ದುಡ್ಡು ನಾನು ಹಾಕ್ತೀನಿ. ಮುಂದೆ ಮಾಡೋ ಮೊದಲನೇ ಫೋನು ಅವಳ ಕೈಗೆ. ಇದು ನಿನ್ನ ಕೈಲೇ ಇರಲಿ, ನಾನು ಕರೆದಾಗೆಲ್ಲ ಎತ್ತಬೇಕು.”

“ಖಂಡಿತಾ ಅಮ್ಮಾ!”

ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು. ಟೈಲರು ಅವನನ್ನು ಎತ್ತಿ ಕುಣಿಸಿದ. ಕುಣಿತ ಮುಗಿಯುವ ಮೊದಲೇ ಫೋನು ಕಿರುಚಿತು.

“ಇನ್ನೂ ಹಾರನ್ ಕೇಳಿಸ್ತಿದೆ! ರಸ್ತೇಲಿ ಏನ್ ಮಾಡ್ತಿದೀಯಾ? ಹೋಗು, ಕೆಲಸ ಶುರು ಮಾಡು!”

ಹುಟ್ಟಿದಾಗಿನಿಂದ ಯಾರ ಕೈಕೆಳಗೂ ದುಡಿಯದ ರಿಪೇರಿಯವನು, ಫೋನಿನೊಳಗಿನ ಯಜಮಾನಿಯನ್ನು ಈಗ ಕೈಯಲ್ಲೇ ಹಿಡಿದುಕೊಂಡು, ಹಲ್ಲು ಕಿರಿಯುತ್ತಾ ಅಂಗಡಿಗೆ ಓಡಿದ.