ಬಣ್ಣ, ವಾಸನೆ, ರುಚಿ, ಮರುದಿನದ ತಲೆ

ನಾನು ಎಷ್ಟೇ ಗಂಭೀರವಾಗಿ ಇರಬೇಕೆಂದುಕೊಂಡರೂ ನಮ್ಮ ಮನೆಯ ಗಂಡಸರು ಬಿಡುವುದಿಲ್ಲ. ವಾರಕ್ಕೊಂದಾದರೂ ಬರೆದಿಡುವಂಥದ್ದು ಮಾಡಿಯೇ ಮಾಡುತ್ತಾರೆ. ಬರೆದಿಡುವುದು ನನ್ನ ಅಭ್ಯಾಸ. ನಾನು ಪುತ್ತೂರಿನಲ್ಲಿ ಬಿ.ಎಸ್ಸಿ. ಕೆಮಿಸ್ಟ್ರಿ ಓದಿದವಳು. ನನ್ನ ಲ್ಯಾಬ್ ರೆಕಾರ್ಡಿನಲ್ಲಿ ಲೆಕ್ಚರರು ಒಂದೇ ಒಂದು ಕೆಂಪು ಗೀಟು ಹಾಕಿರಲಿಲ್ಲ. ಸುಳ್ಯದ ಈ ಮನೆಗೆ ಬಂದ ಮೇಲೆ ದನ ಕರು ಹಾಕಿದ್ದು, ಬಾವಿಯ ನೀರು ಇಳಿದದ್ದು, ಮಾವಿನ ಮಿಡಿ ಭರಣಿಗೆ ಹಾಕಿದ್ದು ಎಲ್ಲವೂ ನನ್ನ ಪುಸ್ತಕದಲ್ಲಿ ಉಂಟು. ವಿಸ್ಕಿ ನಾನು ಕುಡಿದವಳಲ್ಲ. ಆದರೆ ನಮ್ಮ ತಾಲೂಕಿನಲ್ಲಿ ವಿಸ್ಕಿಯ ಬಗ್ಗೆ ನನ್ನಷ್ಟು ದಾಖಲೆ ಇಟ್ಟವರು ಇರಲಿಕ್ಕಿಲ್ಲ.

ಕಾರಣ ಇಷ್ಟೆ. ದೊಡ್ಡ ಮಗಳ ಮದುವೆಯ ನಂತರ ಬೀಗರಿಗೆ ಕೋಳಿ ಊಟ ಹಾಕಿದಾಗ ಯಜಮಾನರು ತಾವೇ ವಿಸ್ಕಿ ಆರಿಸಿದ್ದರು. ಬೀಗರು ಮರ್ಯಾದಸ್ಥರು, ಬೇಡ ಅನ್ನಲಿಲ್ಲ. ಚಾವಡಿಯ ಪಕ್ಕದ ಚಟ್ಟಿಯಲ್ಲಿದ್ದ ಕ್ರೋಟನ್ ಗಿಡಕ್ಕೆ ಮೆಲ್ಲಗೆ ಹೊಯ್ದರು. ವಾರದೊಳಗೆ ಗಿಡ ಸತ್ತಿತು. ಈ ಸಲ ಎರಡನೇ ಮಗಳ ಬೀಗರು ರಾಮಕುಂಜದ ಕಡೆಯವರು. ಹುಡುಗನ ದೊಡ್ಡಪ್ಪ ವಿಸ್ಕಿಯನ್ನು ಮೂಸಿಯೇ ಅದರ ಮನೆತನ ಹೇಳುವವರಂತೆ. ಇನ್ನೊಮ್ಮೆ ಮರ್ಯಾದೆ ಕಳೆದುಕೊಳ್ಳಲು ನಾನು ತಯಾರಿರಲಿಲ್ಲ. ಪರೀಕ್ಷೆ ಮಾಡಿಯೇ ಆರಿಸುವುದೆಂದು ತೀರ್ಮಾನಿಸಿ ಹೊಸ ಪುಸ್ತಕದಲ್ಲಿ ನಾಲ್ಕು ಕಾಲಂ ಎಳೆದೆ: ಬಣ್ಣ, ವಾಸನೆ, ರುಚಿ, ಮರುದಿನದ ತಲೆ.

ಹೊಗೆಗೂಡು

ಪರೀಕ್ಷಕರು ಮೂವರು. ಯಜಮಾನರು, ರಬ್ಬರ್ ತೋಟದ ನನ್ನ ಮೈದುನ, ಮಿಲಿಟರಿಯಿಂದ ನಿವೃತ್ತನಾದ ನನ್ನ ತಮ್ಮ. ತಮ್ಮ ಎಲ್ಲದಕ್ಕೂ ಹತ್ತರಲ್ಲಿ ಏಳು ಕೊಡುತ್ತಿದ್ದ. ಯಾಕೆಂದು ಕೇಳಿದರೆ, "ಅಕ್ಕ, ಸಿಕ್ಕಿದ್ದಕ್ಕೆ ಕುಂದು ಹೇಳಬಾರದು" ಅನ್ನುತ್ತಿದ್ದ.

ಮೊದಲ ದಿನ ದುಬೈಯಿಂದ ಬಂದ ನೆಂಟರು ಕೊಟ್ಟ ಸ್ಕಾಟ್ಲೆಂಡಿನ ಬಾಟ್ಲಿ. ಮೈದುನ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟ.

"ಅತ್ತಿಗೆ, ಇದು ನನ್ನ ಹೊಗೆಗೂಡಿನಲ್ಲಿ ಒಣಗಿಸಿದ ರಬ್ಬರ್ ಶೀಟ್ ತೊಳೆದ ನೀರು. ಸೊನ್ನೆ ಹಾಕಿ."

"ಅದು ಅಲ್ಲಿನ ವಿಶೇಷ ಮಾರಾಯ, ಹೊಗೆ ಹಾಕಿಯೇ ಮಾಡುದು" ಎಂದರು ಯಜಮಾನರು.

"ಹೊಗೆಗೆ ದುಬೈವರೆಗೆ ಹೋಗಬೇಕಾ? ನನ್ನಲ್ಲಿ ಧರ್ಮಕ್ಕೆ ಉಂಟು."

ಮರುದಿನ ಅವನ ಹೆಂಡತಿಯ ಫೋನು. "ಅಕ್ಕ, ಇವರು ಬೆಳಿಗ್ಗೆಯಿಂದ ಹೊಗೆಗೂಡಿನ ಒಳಗೆ ನಿಂತು ಶೀಟ್ ಮೂಸ್ತಾ ಇದ್ದಾರೆ. ಕರೆದರೆ ಕಣ್ಣು ಮುಚ್ಚಿ 'ಆಹಾ' ಹೇಳ್ತಾರೆ. ನಿನ್ನೆ ಎಂತ ಕುಡಿಸಿದ್ದು ನೀವು?"

ಸಂಜೆ ಅವನೇ ಬಂದ. "ಅತ್ತಿಗೆ, ಆ ಸೊನ್ನೆಯನ್ನು ಆರು ಮಾಡ್ಲಿಕ್ಕೆ ಆಗ್ತದಾ?"

"ಮರುಮೌಲ್ಯಮಾಪನ ಇಲ್ಲ" ಎಂದೆ.

ಹಂದಿ ಮಾಂಸದ ಅಂಕ

ಎರಡನೇ ಬಾಟ್ಲಿಗೆ ಮಂಗಳವಾರ ನಾಲ್ಕು ಅಂಕ ಬಂತು. ಅದೇ ಬಾಟ್ಲಿಗೆ ಗುರುವಾರ ಒಂಬತ್ತು. ನಾನು ಪುಸ್ತಕ ತಿರುವಿ ನೋಡಿದೆ. ಮಂಗಳವಾರ ನೆಂಚಿಕೊಳ್ಳಲು ಕಡ್ಲೆ ಇಟ್ಟಿದ್ದೆ. ಗುರುವಾರ ಕರಿಮೆಣಸು ಹಾಕಿ ಹುರಿದ ಹಂದಿ ಮಾಂಸ. ಅಂದರೆ ಅವರು ಅಂಕ ಕೊಟ್ಟದ್ದು ವಿಸ್ಕಿಗಲ್ಲ, ನನ್ನ ಬಾಣಲೆಗೆ.

ಮರುದಿನದಿಂದ ಉಪ್ಪು ಹಾಕದ ಕುಚ್ಚಲಕ್ಕಿ ಗಂಜಿ ಮಾತ್ರ ಇಟ್ಟೆ. ಒಂದು ಗುಟುಕು ವಿಸ್ಕಿ, ಒಂದು ಚಮಚ ಗಂಜಿ.

"ಇದು ಪರೀಕ್ಷೆಯಾ, ಜ್ವರದ ಪಥ್ಯವಾ?" ಎಂದರು ಯಜಮಾನರು.

ತಮ್ಮ ಮಾತ್ರ ಗಂಜಿಗೂ ಏಳು ಕೊಟ್ಟ.

ಮಳೆಗೆ ನಿಂತವರು

ಉಳಿದ ಬಾಟ್ಲಿ ತರಲು ನಾನೇ ಹೋದೆ. ಗಂಡಸರನ್ನು ಕಳಿಸಿದರೆ ಪರೀಕ್ಷೆ ದಾರಿಯಲ್ಲೇ ಮುಗಿಯುತ್ತದೆ. ಸುಳ್ಯದಲ್ಲಿ ಗುರುತಿನವರು ಸಿಗುತ್ತಾರೆಂದು ಪುತ್ತೂರಿಗೆ ಬಸ್ಸು ಹತ್ತಿದೆ. ವೈನ್ ಶಾಪಿನ ಮುಂದೆ ನಿಂತಾಗ ಗೊತ್ತಾಯಿತು, ಸುಳ್ಯದ ಗುರುತಿನವರೆಲ್ಲ ಇದೇ ಲೆಕ್ಕ ಹಾಕಿ ಪುತ್ತೂರಿಗೇ ಬಂದಿದ್ದರು.

ನನ್ನ ರೇಷ್ಮೆಯ ಪಟ್ಟೆ ಸೀರೆ, ಕೈಯಲ್ಲಿದ್ದ ಪುಸ್ತಕ ನೋಡಿ ಸಾಲು ಎರಡಾಗಿ ಸರಿಯಿತು. ನಮ್ಮ ಬೀದಿಯ ಕೊನೆಯ ಮನೆಯವರು ಕಂಬದ ಮರೆಗೆ ಹೋದರು. ಕಂಬ ಸಣ್ಣದು, ಅವರು ದೊಡ್ಡವರು.

"ನಮಸ್ಕಾರ ಅಕ್ಕ. ನಾನು ಮಳೆ ಬಂದೀತೆಂದು ನಿಂತದ್ದು" ಎಂದರು. ಮಾರ್ಚ್ ತಿಂಗಳ ಉರಿಬಿಸಿಲು.

ನಾನು ಅಂಗಡಿಯವನಿಗೆ, "ಬೀಗರಿಗೆ ಇಡಲಿಕ್ಕೆ ಯಾವುದು ಒಳ್ಳೆದು?" ಎಂದು ಕೇಳಿದೆ.

"ನಾನು ಕುಡಿಯುದಿಲ್ಲ ಅಕ್ಕ" ಎಂದ ಅವನು.

ಕಂಬದ ಹಿಂದಿನಿಂದ ಸ್ವರ ಬಂತು. "ಆ ಮೇಲಿನ ಸಾಲಿನದ್ದು ಬೇಡ ಅಕ್ಕ, ಪೆಟ್ಟಿಗೆ ಮಾತ್ರ ಚಂದ. ಎಡಬದಿಯದ್ದು ಕುಡಿದರೆ ಮರುದಿನ ತಲೆ ಎತ್ತಲಿಕ್ಕೆ ಆಗುದಿಲ್ಲ. ನನ್ನನ್ನು ಕೇಳಿದರೆ ಕೆಳಗಿನ ಸಾಲಿನ ಕೆಂಪು ಮುಚ್ಚಳದ್ದು."

ಅಂಗಡಿಯವನು ನಕ್ಕ. "ಅದು ಬೀಗರಿಗೆ ಇಡುವಂಥದ್ದಲ್ಲ."

ನಾನು ಅದನ್ನೂ ಬರೆದುಕೊಂಡೆ. ಮಾಹಿತಿ ಕೊಟ್ಟವರು: ಮಳೆಗೆ ನಿಂತವರು.

ಐದನೇ ಲೋಟ

ಕೊನೆಯ ಪರೀಕ್ಷೆ ಭಾನುವಾರ ಮಧ್ಯಾಹ್ನ. ಹೆಸರು ಕಾಣದಂತೆ ಬಾಟ್ಲಿಗಳಿಗೆ ಪೇಪರು ಸುತ್ತಿ ನಂಬರು ಹಾಕಿದೆ. ತಂದದ್ದು, ಇದ್ದದ್ದು ಸೇರಿ ನಾಲ್ಕು. ಕೆಂಪು ಮುಚ್ಚಳದ್ದನ್ನು ತಂದಿರಲಿಲ್ಲ, ಮನೆಯಲ್ಲೇ ಇತ್ತು. ಅದನ್ನು ಐದನೆಯದಾಗಿ ಇಟ್ಟೆ.

ಅದು ಮನೆಯಲ್ಲಿ ಯಾಕಿತ್ತೆಂದರೆ, ವರ್ಷಕ್ಕೊಮ್ಮೆ ನಾವು ತೀರಿಹೋದ ಹಿರಿಯರಿಗೆ, ಅಂದರೆ ಕಾರ್ಣವರಿಗೆ, ಬಾಳೆಲೆಯಲ್ಲಿ ರೊಟ್ಟಿ, ಕೋಳಿ ಸಾರು ಬಡಿಸಿ, ಪಕ್ಕದಲ್ಲಿ ಒಂದು ಲೋಟ ವಿಸ್ಕಿ ಇಟ್ಟು ಸ್ವಲ್ಪ ಹೊತ್ತು ಬಾಗಿಲು ಮುಚ್ಚುತ್ತೇವೆ. ಯಜಮಾನರು ಅದಕ್ಕೆ ತರುವುದು ಅಂಗಡಿಯ ಎಲ್ಲಕ್ಕಿಂತ ಕೆಳಗಿನ ಸಾಲಿನದ್ದು. "ಅವರಿಗೆ ಈಗ ವ್ಯತ್ಯಾಸ ಗೊತ್ತಾಗುದಿಲ್ಲ ಮಾರಾಯ್ತಿ" ಎನ್ನುವುದು ಅವರ ವಾದ. ಉಳಿದದ್ದನ್ನು ಯಾರೂ ಮುಟ್ಟುವುದಿಲ್ಲ. ಭಕ್ತಿಯಿಂದ ಅಲ್ಲ, ಹೆದರಿಕೆಯಿಂದ.

ಮೂವರೂ ಐದನೇ ಲೋಟಕ್ಕೆ ಎಲ್ಲಕ್ಕಿಂತ ಹೆಚ್ಚು ಅಂಕ ಕೊಟ್ಟರು. ನನ್ನ ತಮ್ಮ ಜೀವನದಲ್ಲಿ ಮೊದಲ ಸಲ ಎಂಟು ಹಾಕಿದ. ಯಜಮಾನರು ಎದ್ದು ನಿಂತು ಭಾಷಣ ಮಾಡಿದರು. "ಇದು ಹನ್ನೆರಡು ವರ್ಷ ಮರದ ಪೀಪಾಯಿಯಲ್ಲಿ ಮಲಗಿದ್ದು. ಜೇನು ಉಂಟು. ಒಣದ್ರಾಕ್ಷಿ ಉಂಟು."

"ಒಂಬತ್ತು ತಿಂಗಳು ನಮ್ಮ ಕಪಾಟಿನಲ್ಲಿ ಮಲಗಿದ್ದು" ಎಂದು ಪೇಪರು ಬಿಚ್ಚಿದೆ.

ಯಜಮಾನರು ಕುಳಿತು ನನ್ನ ಪುಸ್ತಕಕ್ಕೆ ಕೈ ಹಾಕಿದರು.

"ಆ ಸಾಲು ಹೊಡೆದುಹಾಕು ಮಾರಾಯ್ತಿ. ಬೀಗರಿಗೆ ಕಾರ್ಣವರದ್ದು ಇಟ್ಟರೆ ನಮ್ಮ ಮರ್ಯಾದೆ ಎಂತ ಆಗಬೇಕು?"

"ರೆಕಾರ್ಡ್ ತಿದ್ದುವ ಕ್ರಮ ನನ್ನಲ್ಲಿ ಇಲ್ಲ."

ಬೀಗರು ಬಂದ ದಿನ ಅದನ್ನೇ ಗಾಜಿನ ಹೂಜಿಗೆ ಹೊಯ್ದು ಇಟ್ಟೆವು. ಚಟ್ಟಿಗಳನ್ನು ಯಜಮಾನರು ಮೊದಲೇ ಹಿತ್ತಲಿಗೆ ಸಾಗಿಸಿದ್ದರು. ಹುಡುಗನ ದೊಡ್ಡಪ್ಪ ಲೋಟ ಎತ್ತಿ, ಕಣ್ಣು ಮುಚ್ಚಿ ಮೂಸಿದರು. ಯಜಮಾನರು ಉಸಿರು ಬಿಡಲಿಲ್ಲ.

"ಇದು ನಮ್ಮಲ್ಲಿ ಕಾರ್ಣವರಿಗೆ ಇಡುದಲ್ವಾ?" ಎಂದರು ದೊಡ್ಡಪ್ಪ.

ಯಜಮಾನರು ಆ ಸತ್ತ ಕ್ರೋಟನ್ನಿನ ಬಣ್ಣಕ್ಕೆ ತಿರುಗಿದರು. ದೊಡ್ಡಪ್ಪ ಮಾತ್ರ ತಮ್ಮವರು ಯಾರಾದರೂ ಹತ್ತಿರ ಇದ್ದಾರೆಯೇ ಎಂದು ಆಚೀಚೆ ನೋಡಿ ಸ್ವರ ತಗ್ಗಿಸಿದರು.

"ಇಪ್ಪತ್ತು ವರ್ಷದಿಂದ ಬಾಗಿಲು ತೆಗೆಯುವ ಕೆಲಸ ನನ್ನದು. ಮೊದಲು ಒಳಗೆ ಹೋಗಿ ಲೋಟ ಖಾಲಿ ಮಾಡುದು ನಾನೇ. ಇಷ್ಟು ಒಳ್ಳೆದು ಬೇರೆ ಇಲ್ಲ ಮಾರಾಯ್ರೆ. ಹಿರಿಯರೇ ಕುಡಿದರೆಂದು ಮನೆಯವರೆಲ್ಲ ಅಡ್ಡಬೀಳ್ತಾರೆ. ನೀವು ಬಾಯಿ ಬಿಡಬೇಡಿ. ಇನ್ನೊಂದು ಹಾಕಿ."

ಈ ವರ್ಷ ಕಾರ್ಣವರಿಗೆ ಬಡಿಸುವಾಗ ಯಜಮಾನರು ಕೆಂಪು ಮುಚ್ಚಳದ್ದನ್ನು ತಮಗೆ ಇಟ್ಟುಕೊಂಡು, ಸ್ಕಾಟ್ಲೆಂಡಿನದ್ದನ್ನು ಎಲೆಯ ಪಕ್ಕ ಇಟ್ಟರು. ನಾನು ಪುಸ್ತಕ ತೆಗೆದು ಕ್ರಮವಾಗಿ ಬರೆದೆ:

ಬಣ್ಣ: ಹೊಂಬಣ್ಣ. ವಾಸನೆ: ಹೊಗೆಗೂಡು. ರುಚಿ: ಈವರೆಗೆ ದೂರು ಬಂದಿಲ್ಲ. ಮರುದಿನದ ತಲೆ: ಅನ್ವಯಿಸುವುದಿಲ್ಲ.