ಎದುರಿನ ಕುರ್ಚಿ ಬೆಚ್ಚಗಿತ್ತು

ನಮ್ಮ ಭಾವನವರು ಇಡೀ ಜರ್ಮನಿಯಲ್ಲಿ ಹೆದರುವುದು ಒಂದೇ ಒಂದಕ್ಕೆ: ಖಾಲಿ ಕುರ್ಚಿಗೆ. ನೀವು ನಗುತ್ತೀರಿ. ನಾನೂ ನಕ್ಕಿದ್ದೆ, ಆ ಕುರ್ಚಿಯ ಮೇಲೆ ನಾನೇ ಕೈಯಿಟ್ಟು ನೋಡುವವರೆಗೆ.

ಭಾವ ಎಂದರೆ ಅಕ್ಕನ, ಅಂದರೆ ನನ್ನ ದೊಡ್ಡಮ್ಮನ ಮಗಳ, ಗಂಡ. ಹುಬ್ಬಳ್ಳಿಯವರು. ರೇಗನ್ಸ್‌ಬರ್ಗ್‌ಗೆ ಬಂದು, ಕಾರಿನ ಬ್ರೇಕುಗಳನ್ನು ಪರೀಕ್ಷಿಸುವ ಕೆಲಸದಲ್ಲೇ ತಲೆ ನರೆಸಿಕೊಂಡು ನಿವೃತ್ತರಾದವರು. ನಾನು ಅದೇ ಊರಿನ ಕಂಪ್ಯೂಟರ್ ಚಿಪ್ ಕಾರ್ಖಾನೆಗೆ ಸೇರಿದಾಗ ಮೊದಲು ಉಂಡದ್ದು ಅವರ ಮನೆಯಲ್ಲಿ. ಬ್ರೇಕು ಪರೀಕ್ಷಿಸುವವರಿಗೆ ಜಗತ್ತಿನಲ್ಲಿ ಯಾವುದರ ಮೇಲೂ ನಂಬಿಕೆ ಇರುವುದಿಲ್ಲ ನೋಡಿ. ದೇವರ ಮುಂದಿನ ದೀಪ ತಟ್ಟನೆ ಆರಿದರೆ ಭಾವ ಎಣ್ಣೆ ನೋಡುತ್ತಾರೆ, ಬತ್ತಿ ನೋಡುತ್ತಾರೆ, ಕಿಟಕಿಯ ಸಂದಿಗೆ ಕೈಹಿಡಿದು ಗಾಳಿ ನೋಡುತ್ತಾರೆ. ಅಪಶಕುನ ಎಂಬ ಮಾತು ಅವರ ಬಾಯಲ್ಲಿ ಬಂದದ್ದಿಲ್ಲ. ಇಂಥ ಮನುಷ್ಯನಿಗೆ ಕುರ್ಚಿಯ ಭಯ ಹತ್ತಿದ್ದು ಹೇಗೆ? ಅದಕ್ಕೆ ಕಾರಣ ಅವರ ಆರೋಗ್ಯ ವಿಮೆ.

ಈ ದೇಶದಲ್ಲಿ ವಿಮೆ ಎರಡು ಜಾತಿ. ಊರಿನ ಮುಕ್ಕಾಲು ಪಾಲು ಜನ ಇರುವುದು ಸರ್ಕಾರದ ನಿಯಮದ ಸಾರ್ವಜನಿಕ ವಿಮೆಯಲ್ಲಿ, ಇಲ್ಲಿನವರ ಬಾಯಲ್ಲಿ ಕಾಸ್ಸೆಯಲ್ಲಿ. ಅಲ್ಲಿ ಸರದಿ ಉಂಟು, ಕಾಯುವುದುಂಟು, ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯವರ ಗೊರಕೆ ಉಂಟು. ಸಂಬಳ ದೊಡ್ಡದಿದ್ದವರು ಬೇಕಾದರೆ ಖಾಸಗಿ ವಿಮೆಗೆ ಹಾರಬಹುದು. ಭಾವ ಪ್ರಾಯದಲ್ಲಿ ಹಾರಿದರು. ಹಾರಿಸಿದ ಏಜೆಂಟ್ ಅವರ ಕೈ ಕುಲುಕಿ ಹೇಳಿದನಂತೆ: "ಇನ್ನು ಮೇಲೆ ನೀವು ಇನ್ನೊಬ್ಬ ರೋಗಿಯ ಮುಖ ನೋಡಬೇಕಾಗಿಲ್ಲ."

ಅವನು ಸುಳ್ಳು ಹೇಳಿರಲಿಲ್ಲ. ಭಾವ ಹೋದಲ್ಲೆಲ್ಲ ಬೇರೆ ಬಾಗಿಲು, ಬೇರೆ ಕೋಣೆ. ಆರ್ಕಿಡ್ ಹೂವು, ಗಾಜಿನ ಜಗ್ಗಿನಲ್ಲಿ ನಿಂಬೆಹೋಳು ತೇಲುವ ನೀರು, ಎದುರುಬದುರು ಮೆತ್ತೆಯ ಕುರ್ಚಿಗಳು. ಜನ ಮಾತ್ರ ಇಲ್ಲ. ಅಕ್ಕ ಶಾಲೆಯ ಅಡಿಗೆಮನೆಯಲ್ಲಿ ಬಡಿಸುವ ಕೆಲಸದವಳು, ಮೊದಲಿನಿಂದಲೂ ಕಾಸ್ಸೆಯಲ್ಲೇ ಉಳಿದಳು. ಗಂಡ ಹೆಂಡಿರಿಗೆ ಒಂದೇ ಜ್ವರ ಬಂದರೂ ಇಬ್ಬರೂ ಬೇರೆ ಬೇರೆ ಬಾಗಿಲಿನಿಂದ ಒಳಗೆ ಹೋಗುತ್ತಿದ್ದರು.

ಕುರ್ಚಿಯ ವಿಷಯ ಶುರುವಾದದ್ದು ಅವರ ಪಿತ್ತಕೋಶದ ಆಪರೇಷನ್ನಿನಲ್ಲಿ. ಒಬ್ಬರೇ ಮಲಗುವ ಕೋಣೆ. ಊಟವಾದ ಮೇಲೆ ಅಕ್ಕ ಕೆಲಸಕ್ಕೆ ಹೋದಳು. ಭಾವ ಮಗ್ಗುಲಾಗಿ ನೋಡಿದರೆ ಕಿಟಕಿಯ ಬಳಿಯ ಕುರ್ಚಿಯ ಮೆತ್ತೆ ತಗ್ಗಾಗಿದೆ. ನೋಡುತ್ತಿದ್ದಂತೆಯೇ ಆ ತಗ್ಗು ಮೆಲ್ಲಗೆ ಮೇಲೆದ್ದು ಸಮವಾಯಿತು, ಯಾರೋ ಆಗಷ್ಟೇ ಎದ್ದ ಹಾಗೆ. ಅಕ್ಕ ಕೂತದ್ದು ಹಾಸಿಗೆಯ ಅಂಚಿನಲ್ಲಿ, ಕುರ್ಚಿಯಲ್ಲಿ ಅಲ್ಲ. ಸ್ವಲ್ಪ ಹೊತ್ತಿಗೆ ನರ್ಸ್ ಕಾಫಿ ತಂದಳು. ಎರಡು ಬಟ್ಟಲು.

"ಎರಡು ಯಾಕೆ?" ಎಂದು ಭಾವ ಕೇಳಿದರು.

"ನಿಮ್ಮ ಜೊತೆ ಯಾರೋ ಇದ್ದರಲ್ಲ?" ಎಂದು ಅವಳು ಕುರ್ಚಿಯ ಕಡೆ ನೋಡಿ, "ಹೋದರೇ?" ಎಂದಳು.

"ಆಮ್ಯಾಲೆ ಏನ್ ಮಾಡಿದ್ರಿ?" ಎಂದು ನಾನು ಕೇಳಿದ್ದೆ.

"ಏನ್ ಮಾಡೂದು? ಎರಡೂ ನಾನಽ ಕುಡದೆ. ಬ್ಯಾರೆ ಯಾರರ ಕುಡದಾರು ಅಂತ ಅಂಜಿಕಿ ಬಂತು."

ಅರಿವಳಿಕೆಯ ಪ್ರಭಾವ ಎಂದರು ಡಾಕ್ಟರು. ಅದು ಸರಿ. ಆದರೆ ಹಲ್ಲಿನ ಡಾಕ್ಟರ ಕಾಯುವ ಕೋಣೆಯಲ್ಲಿ ಯಾರು ಯಾರಿಗೆ ಅರಿವಳಿಕೆ ಕೊಟ್ಟಿದ್ದರು? ಅಲ್ಲಿಯೂ ಎದುರಿನ ಕುರ್ಚಿಯಿಂದ ಯಾರೋ ಆಗಷ್ಟೇ ಎದ್ದಿದ್ದರು. ಚರ್ಮದ ಡಾಕ್ಟರಲ್ಲಿಯೂ ಅದೇ. ಭಾವ ಮೊದಮೊದಲು ಬ್ರೇಕು ಪರೀಕ್ಷಿಸುವವರಂತೆಯೇ ನಡೆದುಕೊಂಡರು. ಅಂಗೈಯ ಹಿಂಬದಿಯಿಂದ ಮೆತ್ತೆ ಮುಟ್ಟಿ, ಪಕ್ಕದ ಕುರ್ಚಿ ಮುಟ್ಟಿ, ಹೋಲಿಸಿ ನೋಡಿದರು. ಒಂದು ಸಲ ಹಾಗೆ ಬಗ್ಗಿ ಕುರ್ಚಿ ಸವರುತ್ತಿದ್ದಾಗ ಡಾಕ್ಟರೇ ಒಳಗೆ ಬಂದು, ಆ ದಿನದ ತಪಾಸಣೆಯಲ್ಲಿ ನೆನಪಿನ ಶಕ್ತಿಯ ಪರೀಕ್ಷೆಯನ್ನೂ ಸೇರಿಸಿಬಿಟ್ಟರು. ಭಾವ ಪೂರ್ತಿ ಅಂಕ ತೆಗೆದುಕೊಂಡು ಬಂದರು. ಅವರಿಗೆ ಅದೇ ಇನ್ನೂ ದಿಗಿಲಾಯಿತು. ಮರೆವಿನ ರೋಗ ಇದ್ದಿದ್ದರೆ ಎಷ್ಟೋ ಸಮಾಧಾನ ಎಂದರು.

ನಾನು ಕೈಯಿಟ್ಟದ್ದು ಕಣ್ಣಿನ ಡಾಕ್ಟರಲ್ಲಿ. ಕಣ್ಣಿಗೆ ಹನಿ ಹಾಕಿದರೆ ಕಾರು ಓಡಿಸುವಂತಿಲ್ಲ ಎಂದು ನನ್ನನ್ನು ಕರೆದೊಯ್ದಿದ್ದರು. ಖಾಸಗಿಯವರನ್ನು ಮಾತ್ರ ನೋಡುವ ಕ್ಲಿನಿಕ್ಕು ಅದು. ದಪ್ಪ ರತ್ನಗಂಬಳಿ ಹಾಸಿದ ಕೋಣೆಯಲ್ಲಿ ನಾವಿಬ್ಬರೇ. ಗಡಿಯಾರ ಕೂಡ ಸದ್ದು ಮಾಡುವುದಿಲ್ಲ ಅಲ್ಲಿ. ಭಾವ ಎದುರಿನ ಕುರ್ಚಿಯನ್ನು ಗದ್ದದಿಂದಲೇ ತೋರಿಸಿದರು.

"ಕೈ ಇಟ್ಟ ನೋಡವಾ."

"ಭಾವಾ, ಸುಮ್ನ ಕುಂದರ್ರಿ."

"ಇಟ್ಟರ ನೋಡು."

ಇಟ್ಟೆ. ಬೆಚ್ಚಗಿತ್ತು. ಮನುಷ್ಯರು ಎದ್ದು ಹೋದ ಜಾಗ ಹೇಗೆ ಬೆಚ್ಚಗಿರುತ್ತದೆಯೋ ಹಾಗೆ, ನಡುವೆ ಹೆಚ್ಚು, ಅಂಚಿಗೆ ಕಡಿಮೆ. ನಾನು ಕೈ ತೆಗೆದು ಕೋಟಿಗೆ ಒರೆಸಿಕೊಂಡೆ.

"ಹೀಟರ್ ಹತ್ರ ಐತಲ್ಲ, ಅದಕ್ಕಿರಬೇಕು," ಎಂದೆ.

"ಹೀಟರ್ ನನ್ನ ಬೆನ್ನ ಹಿಂದ ಐತಿ," ಎಂದರು ಭಾವ. "ಮತ್ತ ಅದನ್ನ ಆರಿಸ್ಯಾರ."

ಅವರನ್ನು ಒಳಗೆ ಕರೆದರು. ನಾನು ಆ ಕೋಣೆಯಲ್ಲಿ ಕಾಯಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ನಿಂತಿದ್ದೆ, ಫೋನ್ ಬಂದವಳ ಹಾಗೆ ನಟಿಸುತ್ತ.

ಮುಂದಿನ ಸಲ ಅವರು ಒಬ್ಬರೇ ಹೋದರು. ಅಂದು ಸ್ವಾಗತದ ಮೇಜಿನಲ್ಲಿ ಯಾವಾಗಲೂ ಇರುವ ಹುಡುಗಿಯೇ ಇದ್ದಳು. ಅವಳು ಭಾವನವರ ಹೆಸರು ಬರೆದುಕೊಂಡು, ಅವರ ಹಿಂದೆ ಬಾಗಿಲ ಕಡೆ ಇಣುಕಿ, ನಗುತ್ತ ಕೇಳಿದಳು: "ಇವತ್ತು ನಿಮ್ಮ ಹೆಂಡತಿ ಬರಲಿಲ್ಲವೇ? ಯಾವಾಗಲೂ ನಿಮ್ಮ ಎದುರಿಗೇ ಕೂತಿರುತ್ತಾರಲ್ಲ, ಹಸಿರು ಕೋಟು ಹಾಕಿಕೊಂಡು."

ಅಕ್ಕನಿಗೆ ಹಸಿರು ಕೋಟಿದೆ. ಅಕ್ಕ ಆ ಕ್ಲಿನಿಕ್ಕಿನ ಬೀದಿಯನ್ನೂ ತುಳಿದವಳಲ್ಲ.

ಭಾವ ಕಣ್ಣು ತೋರಿಸದೆ ಹೊರಬಿದ್ದರು. ಸೀದಾ ಬಸ್ಸು ಹತ್ತಿ ಅಕ್ಕನ ಶಾಲೆಗೆ ಹೋಗಿ ಅಡಿಗೆಮನೆಯ ಕಿಟಕಿಯ ಹೊರಗೆ ನಿಂತರು. ಅಕ್ಕ ಒಳಗೆ ಮಕ್ಕಳ ತಟ್ಟೆಗೆ ಆಲೂಗಡ್ಡೆ ಹಾಕುತ್ತಿದ್ದಳು. ಅವಳು ಸೌಟು ಎತ್ತುವುದು, ಇಳಿಸುವುದು, ಮಕ್ಕಳಿಗೆ ಏನೋ ಹೇಳುವುದು, ಎಲ್ಲವನ್ನೂ ನೋಡಿದರು. ಅವಳು ಕಿಟಕಿಗೆ ಬಂದು ಇಣುಕಿದಾಗ ಅವಳ ಉಸಿರಿಗೆ ಗಾಜು ಮಂಜಾಗುವುದನ್ನು ನೋಡಿದ ಮೇಲೆ ಮನೆಗೆ ಬಂದರು.

"ಶಾಲೀ ಕಿಟಕ್ಯಾಗ ಬಂದ ನಿಂತಿದ್ರವಾ ಇವರು," ಎಂದು ಅಕ್ಕ ನನಗೆ ಹೇಳಿದಳು. "ಮಾರಿ ಬೆಳ್ಳಗಾಗಿತ್ತು. ಹಸಿವ್ಯಾಗಿರಬೇಕಂತ ಒಂದ ತಾಟ ತುಂಬಿಸಿಕೊಂಡ ಹೊರಗ ಬರೂದರಾಗ ಮಾಯ ಆಗಿದ್ರು."

ಅಂದಿನಿಂದ ಭಾವ ಒಂದೇ ಹಟ ಹಿಡಿದರು: ಖಾಸಗಿ ಬೇಡ, ನನಗೆ ಜನ ಬೇಕು, ಕಾಸ್ಸೆಗೆ ವಾಪಸ್ಸು ಹೋಗುತ್ತೇನೆ.

ಹೋಗುತ್ತೇನೆ ಎಂದರೆ ಆಯಿತೇ? ಈ ದೇಶದಲ್ಲಿ ಆ ಬಾಗಿಲು ಐವತ್ತೈದು ದಾಟಿದವರಿಗೆ ಬಹುಮಟ್ಟಿಗೆ ಮುಚ್ಚಿಬಿಡುತ್ತದೆ. ಪ್ರಾಯದಲ್ಲಿ ಸುಖಪಟ್ಟು, ಮುಪ್ಪಿನಲ್ಲಿ ಎಲ್ಲರ ಬಟ್ಟಲಿಗೆ ಕೈಹಾಕಬಾರದಲ್ಲ. ಭಾವ ಐವತ್ತೈದು ದಾಟಿ ಪಿಂಚಣಿಗೇ ಬಂದಾಗಿತ್ತು. ಒಬ್ಬ ಸಲಹೆಗಾರರು ಆಗ ತೆರೆದಿದ್ದ ಒಂದು ಕಿಂಡಿ ತೋರಿಸಿದರು. ಈಗ ಅದು ಇದೆಯೋ ಮುಚ್ಚಿದ್ದಾರೋ, ದಯವಿಟ್ಟು ನನ್ನನ್ನು ಕೇಳಬೇಡಿ. ಪಿಂಚಣಿಯಲ್ಲಿ ಒಂದು ಚೂರನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಸದ್ಯಕ್ಕೆ ಬಿಡಬೇಕು. ವರಮಾನ ಅಷ್ಟು ಇಳಿದರೆ ಅವರು ಹೆಂಡತಿಯ ಕಾಸ್ಸೆಯಲ್ಲಿ, ಹೆಂಡತಿಯ ಅವಲಂಬಿತರಾಗಿ ಸೇರಬಹುದು. ಒಳಗೆ ಸೇರಿದ ಮೇಲೆ ಪೂರ್ತಿ ಪಿಂಚಣಿಗೆ ಮರಳಿ, ತಮ್ಮದೇ ಸದಸ್ಯತ್ವ ಮುಂದುವರಿಸಬಹುದು. ಎಡವಿದರೆ ಮಾತ್ರ ಕಷ್ಟ. ಈ ವಯಸ್ಸಿಗೆ ಯಾವ ಖಾಸಗಿಯವರೂ ಮತ್ತೆ ಹಳೆಯ ಹಾಗೆ ಸೇರಿಸಿಕೊಳ್ಳುವುದಿಲ್ಲ.

"ಸ್ವಲ್ಪ ಕಾಲ ನೀವು ಬಡವರಾಗಬೇಕು," ಎಂದರಂತೆ ಸಲಹೆಗಾರರು.

ಭಾವ ಮನೆಗೆ ಬಂದು ಅಕ್ಕನ ಮುಂದೆ ಗಂಭೀರವಾಗಿ ನಿಂತು ಹೇಳಿದರು: "ನೋಡು, ಇನ್ನ ಮ್ಯಾಲೆ ನಾ ನಿನ್ನ ಮ್ಯಾಲೆ ಅವಲಂಬಿತ ಇರತೇನಿ."

ಅಕ್ಕ ಚಪಾತಿ ಮಗುಚುತ್ತಿದ್ದಳು. "ಇಷ್ಟ ದಿನ ಏನಾಗಿದ್ರಿ?" ಎಂದಳು.

ಪ್ರಾಯದಲ್ಲಿ ಭಾವನವರ ಕೈ ಕುಲುಕಿದ್ದ ಆ ಏಜೆಂಟನಿಗೂ ಈಗ ಮುದುಕನ ದನಿ ಬಂದಿತ್ತು. ವಿಮೆ ಬಿಡುವ ಸುದ್ದಿ ತಿಳಿದು ಫೋನ್ ಮಾಡಿದ. "ಯೋಚನೆ ಮಾಡಿ. ಇನ್ನು ಮೇಲೆ ನೀವು ಎಲ್ಲರ ನಡುವೆ ಕೂರಬೇಕಾಗುತ್ತದೆ," ಎಂದ.

"ಅದಕ್ಕೇ," ಎಂದರು ಭಾವ.

ಫೋನಿನಲ್ಲಿ ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ ಆ ಕಡೆಯಿಂದ ತಗ್ಗಿದ ದನಿ ಕೇಳಿತು: "ನಿಮಗೂ ಹಾಗೆ ಆಗಿದೆಯೇ?" ಭಾವ ಏನೆಂದು ಕೇಳುವಷ್ಟರಲ್ಲಿ ಅವನು ಫೋನ್ ಇಟ್ಟಿದ್ದ.

ಇದನ್ನು ಭಾವ ನನಗೆ ಪಿಸುದನಿಯಲ್ಲಿ ಹೇಳಿದರು. ನಾನು ಎದ್ದು ಅಡಿಗೆಮನೆಯ ದೀಪವನ್ನೂ ಹಾಕಿದೆ, ಹಾಡುಹಗಲಿನಲ್ಲಿ.

ಕಾಸ್ಸೆಯ ಕಚೇರಿಯಲ್ಲಿ ಎದುರಾದ ಹೆಂಗಸು ಮರಳಿ ಬರುವುದಕ್ಕೆ ಕಾರಣ ಏನೆಂದು ಸುಮ್ಮನೆ ಮಾತಿಗೆ ಕೇಳಿದರು. ಎಲ್ಲರೂ ಖರ್ಚು ಎನ್ನುತ್ತಾರೆ. ಭಾವ ಸುಳ್ಳು ಹೇಳುವವರಲ್ಲ. ಪಿತ್ತಕೋಶದಿಂದ ಹಸಿರು ಕೋಟಿನವರೆಗೆ ಪೂರ್ತಿ ಹೇಳಿದರು. ಪಕ್ಕದಲ್ಲಿದ್ದ ನಾನು ನೆಲ ನೋಡುತ್ತಿದ್ದೆ. ಆಕೆ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಕೌಟುಂಬಿಕ ಕಾರಣ ಅಂತ ಅಂದುಕೊಳ್ಳೋಣವೇ?" ಎಂದರು.

ಆ ತಿಂಗಳುಗಳಲ್ಲಿ ಸಂಸಾರ ನಡೆದದ್ದು ಅಕ್ಕನ ಸಂಬಳದಲ್ಲಿ. ಭಾವ ಕ್ಷೌರಕ್ಕೂ ಅಪ್ಪಣೆ ಕೇಳುತ್ತಿದ್ದರು. ಅಕ್ಕ ತಾನೇ ಕತ್ತರಿ ಹಿಡಿದಳು. ಒಂದು ಕಿವಿಯ ಮೇಲೆ ಕೂದಲು, ಇನ್ನೊಂದರ ಮೇಲೆ ಬಯಲು. ಹಾಗೆಯೇ ಒಂದು ದಿನ ಹೊಸ ಕಾರ್ಡು ಬಂತು. ಅದನ್ನು ಅವರು ನಮ್ಮ ಮನೆಗೆ ತಂದು ನನ್ನ ಮಗಳಿಗೂ ತೋರಿಸಿದರು. ಅವಳು, "ಓಪಾ, ದಸ್ ಹಾಬ್ ಇಶ್ ಔಖ್," ಎಂದಳು. ಅಜ್ಜಾ, ಇದು ನನ್ನ ಹತ್ತಿರವೂ ಇದೆ ಎಂದು ಅರ್ಥ. ಭಾವ ಅದನ್ನು ಬಹಳ ದೊಡ್ಡ ಮಾತೆಂಬಂತೆ ತಲೆಯಾಡಿಸಿದರು.

ಮೊದಲ ಸಲ ಸಾಮಾನ್ಯರ ಕಾಯುವ ಕೋಣೆಗೆ ಹೋದ ದಿನ ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಇಲ್ಲಿನ ಪದ್ಧತಿಯಂತೆ ಒಳಗೆ ಕಾಲಿಟ್ಟವರು ಎಲ್ಲರಿಗೂ ಒಂದು ನಮಸ್ಕಾರ ಹೇಳಬೇಕು. ಇಷ್ಟು ವರ್ಷ ಅವರು ಅದನ್ನು ಗೋಡೆಗೆ ಹೇಳಿದ್ದರು. ಇವತ್ತು ಕೆಮ್ಮುವವರು, ಕಾಲು ಕಟ್ಟಿಕೊಂಡವರು, ತೊಡೆಯ ಮೇಲೆ ಕೂಸು ಕೂರಿಸಿಕೊಂಡವರು ಎಲ್ಲರೂ ತಲೆಯೆತ್ತಿ ವಾಪಸ್ಸು ನಮಸ್ಕಾರ ಎಂದರು. "ಅಷ್ಟೂ ಮಂದಿ ಅಂದ್ರವಾ," ಎಂದು ನನಗೆ ಫೋನ್ ಮಾಡಿ ಹೇಳಿದರು. ಮಾತಿನ ನಡುವೆ ಸೀನಿದರು. ಹೋಗುವಾಗ ಅವರಿಗೆ ಏನೂ ಆಗಿರಲಿಲ್ಲ. ಬರುವಾಗ ನೆಗಡಿ ತಂದಿದ್ದರು. ಅಷ್ಟು ಸಂತೋಷದಿಂದ ನೆಗಡಿ ಅನುಭವಿಸಿದವರನ್ನು ನಾನು ಕಂಡಿಲ್ಲ.

ಆ ಉತ್ಸಾಹದಲ್ಲೇ ಅವರು ಅಕ್ಕನ ಜೊತೆಗೂ ಕಾಯಲು ಹೊರಟರು. ಅವಳಿಗೆ ಊರಾಚೆಯ ಒಂದು ಆಸ್ಪತ್ರೆಯಲ್ಲಿ ಏನೋ ತಪಾಸಣೆಯಿತ್ತು. "ನೀವು ಬ್ಯಾಡ್ರಿ, ನಾ ಬಸ್ಸಿಗೆ ಹೋಗಿ ಬರತೇನಿ," ಎಂದಳು. ಭಾವ ಬಿಡಲಿಲ್ಲ. ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅಕ್ಕ ಕಿಟಕಿಯ ಹೊರಗೇ ನೋಡುತ್ತಿದ್ದಳು.

ಕಾಯುವ ಕೋಣೆ ತುಂಬಿತ್ತು. ಭಾವ ಬಾಗಿಲಲ್ಲಿ ನಿಂತು ತಮ್ಮ ನಮಸ್ಕಾರ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ತಲೆಗೆ ಬಟ್ಟೆ ಕಟ್ಟಿದ ಒಬ್ಬ ಟರ್ಕಿ ಅಜ್ಜಿ ಅಕ್ಕನನ್ನು ನೋಡಿ, ಸರಿದು, ಪಕ್ಕದಲ್ಲಿ ಜಾಗ ಮಾಡಿದಳು. ಮೇಜಿನ ಹಿಂದಿನ ಹೆಂಗಸು ಹೆಸರು ಕೇಳದೆಯೇ ಅಕ್ಕನ ಹೆಸರು ಬರೆದುಕೊಂಡಳು. ಭಾವ ಗೋಡೆಯ ಮೇಲಿನ ಫಲಕ ಓದಿದರು. ಅದು ಸ್ತನದ ಗಡ್ಡೆಗಳನ್ನು ನೋಡುವ ವಿಭಾಗವಾಗಿತ್ತು.

"ಯಾವಾಗಿಂದ?" ಎಂದು ಕೇಳಿದರು. 

"ನೀವು ನಿಮ್ಮ ಅಣ್ಣನ ಕಾರ್ಯಕ್ಕ ಹುಬ್ಬಳ್ಳಿಗೆ ಹೋಗಿದ್ರಲ್ಲ, ಆವಾಗ ತಗದ್ರು. ಸಣ್ಣದಿತ್ತು. ಈಗ ಬರೇ ನೋಡತಾರ."

"ಹೇಳಬಾರದೇನ ನನಗ?"

"ಹೇಳಿದ್ರ ನೀವು ಅಂಜತಿದ್ರಿ," ಎಂದಳು ಅಕ್ಕ. ದೂರಿನ ದನಿಯಲ್ಲ ಅದು. ಉಪ್ಪು ಮುಗಿದಿದೆ ಎನ್ನುವ ದನಿ.

ನನಗೂ ಗೊತ್ತಿರಲಿಲ್ಲ. ನಾನು ಆ ಅಜ್ಜಿಯ ಮುಖ ನೋಡಿದೆ. ಅವಳಿಗೆ ಗೊತ್ತಿತ್ತು.

ಒಳಗಿನಿಂದ ಅಕ್ಕನ ಹೆಸರು ಕರೆದರು. ಅವಳು ಎದ್ದು, ವ್ಯಾನಿಟಿ ಬ್ಯಾಗನ್ನು ಎಲ್ಲಿಡಲಿ ಎಂದು ಒಂದು ಗಳಿಗೆ ಆಚೀಚೆ ನೋಡಿದಳು. ಭಾವ ಎರಡೂ ಕೈ ಮುಂದೆ ಚಾಚಿದರು. ಬ್ಯಾಗು ಅವರ ಕೈಗೆ ಬಂತು. ಅವಳು ಒಳಗೆ ಹೋದಳು, ಬಾಗಿಲು ಮುಚ್ಚಿತು. ಅವಳು ಎದ್ದ ಕುರ್ಚಿಯ ಮೇಲೆ ಭಾವ ಅಂಗೈಯ ಹಿಂಬದಿ ಇಟ್ಟು ನೋಡಿ, ಅದರಲ್ಲೇ ಕೂತರು.

ಅವಳು ಹೊರಬರಲು ಬಹಳ ಹೊತ್ತಾಯಿತು. ಏನೂ ಇಲ್ಲ, ಆರು ತಿಂಗಳು ಬಿಟ್ಟು ಬನ್ನಿ ಅಂದರು ಎಂದಳು. ಬ್ಯಾಗಿಗೆ ಕೈ ಚಾಚಿದಳು.

"ಇರ್ಲಿ ಬಿಡು," ಎಂದರು ಭಾವ.

ಆ ಹೆಂಗಸರ ಬ್ಯಾಗನ್ನು ಎದೆಗವಚಿಕೊಂಡು, ಒಂದು ಕಡೆ ಮಾತ್ರ ಕೂದಲಿರುವ ತಲೆಯಲ್ಲಿ, ಅವರು ಅಷ್ಟು ಉದ್ದದ ಕಾರಿಡಾರಿನಲ್ಲಿ ಅವಳ ಪಕ್ಕದಲ್ಲೇ ನಡೆದರು. ನಾನು ಕಾರು ತರುತ್ತೇನೆಂದು ಹೇಳಿ ಬೇಗ ಬೇಗ ಮುಂದೆ ಹೋದೆ.